ಹಳೇ ಐಪಾಡ್‌ಗೆ ರಾಕ್‌ಬಾಕ್ಸ್ ಹಾಕುವ ಮುನ್ನ: ದಯವಿಟ್ಟು ‘ರಿಸ್ಟೋರ್’ ಒತ್ತಬೇಡಿ

ಮನೆಯ ಕಪಾಟಿನಲ್ಲಿರುವ ಹಳೇ ಐಪಾಡ್‌ಗೆ ರಾಕ್‌ಬಾಕ್ಸ್ (ಆಪಲ್‌ನ ಮೂಲ ತಂತ್ರಾಂಶದ ಬದಲು ಓಡುವ ಉಚಿತ ತಂತ್ರಾಂಶ) ಹಾಕಬೇಕೆಂದು ಹೊರಟಿದ್ದೀರಾ? ಅದರೊಳಗೆ ಮನೆಯವರ ಸ್ವರವೋ ಬೇರೆಲ್ಲೂ ಸಿಗದ ರೆಕಾರ್ಡಿಂಗೋ ಇದ್ದರೆ ಮೊದಲು ಇದನ್ನು ಓದಿ.

ನನ್ನ ದೊಡ್ಡಪ್ಪ ಊರಿನ ತಾಳಮದ್ದಳೆ ಕೂಟಗಳಲ್ಲಿ ಅರ್ಥ ಹೇಳುತ್ತಿದ್ದರು. ಕರ್ಣ ಅವರ ನೆಚ್ಚಿನ ಪಾತ್ರ. 2007ರಲ್ಲಿ ಅಣ್ಣ ಅಮೆರಿಕದಿಂದ ರಜೆಗೆ ಬಂದಾಗ ಆ ಕೂಟಗಳ 40 ಕ್ಯಾಸೆಟ್‌ಗಳನ್ನು ತನ್ನ ಮ್ಯಾಕ್‌ಗೆ ಇಳಿಸಿ, 30 ಜಿಬಿಯ ಐಪಾಡ್‌ಗೆ ತುಂಬಿ ಕೊಟ್ಟಿದ್ದ. ಆಮೇಲೆ ಕ್ಯಾಸೆಟ್‌ಗಳು ಕರಾವಳಿಯ ಮಳೆಗಾಲಕ್ಕೆ ಬೂಸ್ಟು ಹಿಡಿದು ಹೋದವು. ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡಮ್ಮ, “ಇದು ಎಲ್ಲಿ ನಿಲ್ಲಿಸಿದೆ ಅಂತ ನೆನಪೇ ಇಟ್ಕೊಳ್ಳೋದಿಲ್ಲ ಮಗಾ, ಸ್ವಲ್ಪ ಸರಿ ಮಾಡಿಕೊಡು” ಎಂದು ಅದನ್ನು ನನ್ನ ಕೈಗಿಟ್ಟರು.

ರಾಕ್‌ಬಾಕ್ಸ್‌ನಲ್ಲಿ ಬುಕ್‌ಮಾರ್ಕ್ ಇದೆ. ಎರಡು ತಾಸಿನ ಸಂವಾದವನ್ನು ನಿಲ್ಲಿಸಿದ ಕಡೆಯಿಂದಲೇ ಮತ್ತೆ ಕೇಳಬಹುದು. ಅದಕ್ಕಾಗಿಯೇ ಕೈಹಾಕಿದ್ದು.

ರಾಕ್‌ಬಾಕ್ಸ್‌ಗೆ ಡಿಸ್ಕ್ ಎಫ್‌ಎಟಿ32 ಎಂಬ ಫಾರ್ಮ್ಯಾಟಿನಲ್ಲಿ, ಅಂದರೆ ವಿಂಡೋಸ್ ಐಪಾಡ್‌ಗಳಲ್ಲಿ ಫೈಲುಗಳನ್ನು ಜೋಡಿಸಿಡುವ ಕ್ರಮದಲ್ಲಿ, ಇರಬೇಕು. ಮ್ಯಾಕ್‌ನಲ್ಲಿ ಸಿದ್ಧವಾದ ಐಪಾಡ್‌ನಲ್ಲಿರುವುದು ಎಚ್‌ಎಫ್‌ಎಸ್ ಪ್ಲಸ್ ಎಂಬ ಮ್ಯಾಕ್ ಫಾರ್ಮ್ಯಾಟ್. ನನ್ನ ವಿಂಡೋಸ್ ಲ್ಯಾಪ್‌ಟಾಪ್‌ಗೆ ಚುಚ್ಚಿದ ಕೂಡಲೇ, ಇದು ಮ್ಯಾಕ್ ಫಾರ್ಮ್ಯಾಟಿನದು, ಇಲ್ಲಿ ಬಳಸಲು ರಿಸ್ಟೋರ್ ಮಾಡಬೇಕು ಎಂಬರ್ಥದ ಸೂಚನೆ ಬಂತು. ಫಾರ್ಮ್ಯಾಟ್ ಬದಲಾಗುತ್ತದೆ, ಹಾಡುಗಳು ಹಾಗೇ ಇರುತ್ತವೆ ಎಂದುಕೊಂಡು ಒತ್ತಿಬಿಟ್ಟೆ. ಎಲ್ಲ ಖಾಲಿ. ತಪ್ಪು ಪೂರ್ತಿ ನನ್ನದೇ. ರಾಕ್‌ಬಾಕ್ಸ್‌ದೂ ಏನಿಲ್ಲ: ಅದು ಒಂದು ಬೂಟ್‌ಲೋಡರ್ (ಆನ್ ಮಾಡಿದಾಗ ಮೊದಲು ಓಡುವ ಪುಟ್ಟ ತಂತ್ರಾಂಶ) ಮತ್ತು ‘.ರಾಕ್‌ಬಾಕ್ಸ್’ ಎಂಬ ಫೋಲ್ಡರ್ ಹಾಕುತ್ತದೆ, ಹಾಡುಗಳನ್ನು ಮುಟ್ಟುವುದಿಲ್ಲ.

ಆದರೆ ನಿಜವಾಗಿ ಕೆಟ್ಟದ್ದು ಅದರ ನಂತರದ ಒಂದು ಗಂಟೆಯಲ್ಲಿ. ಅಣ್ಣನ ಹತ್ತಿರ ಇನ್ನೊಂದು ಪ್ರತಿ ಇದ್ದೇ ಇರುತ್ತದೆ ಎಂಬ ಧೈರ್ಯದಲ್ಲಿ ರಾಕ್‌ಬಾಕ್ಸ್ ಹಾಕಿ, ಪರೀಕ್ಷೆಗೆಂದು ನನ್ನ 22 ಜಿಬಿ ಫ್ಲ್ಯಾಕ್ ಹಾಡಿನ ಫೈಲುಗಳನ್ನು ಸುರಿದೆ. ರಾತ್ರಿ ಅಣ್ಣನಿಗೆ ಫೋನ್ ಮಾಡಿದರೆ ಅವನ ಮ್ಯಾಕ್ ಕೆಟ್ಟು ಎಷ್ಟೋ ವರ್ಷವಾಗಿತ್ತು. ರಿಸ್ಟೋರ್ ಮಾಡಿದಾಗ ಸಾಮಾನ್ಯವಾಗಿ ಅಳಿಯುವುದು ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿ ಮಾತ್ರ. ಹಳೆಯ ಧ್ವನಿ ಡಿಸ್ಕಿನಲ್ಲಿ ಇನ್ನೂ ಕೂತಿರುತ್ತದೆ. ಅದರ ಮೇಲೆ ಹೊಸದನ್ನು ಬರೆದಾಗ ಹೋಗುತ್ತದೆ. ದೊಡ್ಡಪ್ಪನ ಸ್ವರದ ಮೇಲೆ ನಾನೇ ಬರೆದಿದ್ದೆ.

ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಬಳಸಿ ಹುಡುಕಿದೆ. ಹೆಸರಿಗೆ ಫೋಟೋ ಇದ್ದರೂ ಅದು ಎಂಪಿ3ಯನ್ನೂ ಹೆಕ್ಕುತ್ತದೆ. 40ರಲ್ಲಿ 7 ಸಿಕ್ಕವು. ಒಂದರಲ್ಲಿ ಶಲ್ಯ ಮಾತು ಮುಗಿಸುತ್ತಾನೆ, ಕರ್ಣ ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಫೈಲ್ ತುಂಡಾಗುತ್ತದೆ.

ನೀವು ಹೀಗೆ ಮಾಡಿ. ಐಪಾಡ್‌ನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ತೆರೆದು ನೋಡಿ, ವಿಂಡೋಸ್ ಫಾರ್ಮ್ಯಾಟ್ ಎಂದು ಕಾಣದಿದ್ದರೆ ಅಲ್ಲೇ ನಿಲ್ಲಿಸಿ. ಮ್ಯಾಕ್ ಇರುವವರನ್ನು ಹುಡುಕಿ ಹಾಡುಗಳನ್ನು ನಕಲು ಮಾಡಿಸಿಕೊಳ್ಳಿ, ಇಲ್ಲವೇ ಲಿನಕ್ಸ್‌ನಲ್ಲಿ ಡಿಡಿ ಆಜ್ಞೆಯಿಂದ ಇಡೀ ಡಿಸ್ಕಿನ ಇಮೇಜ್, ಅಂದರೆ ಯಥಾವತ್ ನಕಲು, ತೆಗೆದಿಡಿ. 30 ಜಿಬಿಗೆ ಒಂದು 64 ಜಿಬಿ ಪೆನ್‌ಡ್ರೈವ್ ಸಾಕು. ಹಾಡುಗಳು ‘ಐಪಾಡ್ ಕಂಟ್ರೋಲ್’ ಎಂಬ ಅಡಗಿದ ಫೋಲ್ಡರ್‌ನೊಳಗೆ ಎಫ್00, ಎಫ್01 ಎಂಬ ಉಪಫೋಲ್ಡರ್‌ಗಳಲ್ಲಿ, ಅರ್ಥವಿಲ್ಲದ ನಾಲ್ಕಕ್ಷರದ ಹೆಸರಿನಲ್ಲಿರುತ್ತವೆ. ಹೆಸರು ನೋಡಿ ಕಸವೆಂದು ಬಿಡಬೇಡಿ, ಒಳಗಿನ ಟ್ಯಾಗ್ (ಹಾಡಿನ ಹೆಸರು, ಹಾಡಿದವರು ಮುಂತಾದ ವಿವರ) ಸಾಮಾನ್ಯವಾಗಿ ಹಾಗೇ ಇರುತ್ತದೆ. ಈಗಾಗಲೇ ರಿಸ್ಟೋರ್ ಒತ್ತಿಯಾಗಿದ್ದರೆ ಒಂದೇ ಒಂದು ಹಾಡನ್ನೂ ಹಾಕದೆ ಎತ್ತಿಟ್ಟು, ಗೊತ್ತಿರುವವರ ಬಳಿ ಒಯ್ಯಿರಿ.

ದೊಡ್ಡಮ್ಮನಿಗೆ ನಡೆದದ್ದನ್ನೆಲ್ಲ ಹೇಳಿದೆ. ಆ ಕಾಲದ ಕೂಟಗಳಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಮೂವರ ಹೆಸರು ಹೇಳಿದರು. ಒಬ್ಬರ ಮನೆಗೆ ಹೋಗಿ ಬಂದಿದ್ದೇನೆ, ಅಟ್ಟದಲ್ಲಿ ಕ್ಯಾಸೆಟ್ ಪೆಟ್ಟಿಗೆ ಇದೆಯಂತೆ, ಭಾನುವಾರ ಇಳಿಸುತ್ತೇವೆ.