ಐಬಿಎಂ ಐ ಮೆಮೊರಿ ಪೂಲ್: ಸಿಸ್ಟಮ್‌ಗೆ ಬಿಟ್ಟೂ ನೋಡಿದೆ, ನಾನೇ ಹಂಚಿಯೂ ನೋಡಿದೆ

ಬೆಳಿಗ್ಗೆ ಹತ್ತೂವರೆ. ಬಿಲ್ಲಿಂಗ್ ಕೌಂಟರಿನಲ್ಲಿ ಎಂಟರ್ ಒತ್ತಿದರೆ ಐಬಿಎಂ ಐ (ಐಬಿಎಂನ ಸರ್ವರ್ ಆಪರೇಟಿಂಗ್ ಸಿಸ್ಟಮ್) ಹಸಿರು ಪರದೆಯ ಕೆಳಸಾಲಿನಲ್ಲಿ ‘ಕಾಯಿರಿ’ ಎನ್ನುವ ಎಕ್ಸ್ ಗುರುತು ಬಂದು ಹಾಗೇ ಕೂತುಬಿಡುತ್ತಿತ್ತು. ಏಳೆಂಟು ಸೆಕೆಂಡ್. ಹೊರಗೆ ಲೋಡ್ ಆದ ಲಾರಿ ಬಿಲ್ಲಿಗಾಗಿ ಕಾಯುತ್ತಿತ್ತು. ವಾರಗಟ್ಟಲೆ ಇದೇ ಕಥೆ.

ಕಾರಣ ಒಡಿಬಿಸಿ, ಅಂದರೆ ಹೊರಗಿನ ಪ್ರೋಗ್ರಾಂಗಳು ಡೇಟಾಬೇಸ್ ಓದಲು ಬಳಸುವ ಕೊಂಡಿ. ಅಕೌಂಟ್ಸ್‌ನವರು ಎಕ್ಸೆಲ್‌ನಿಂದ ದೊಡ್ಡ ದೊಡ್ಡ ರಿಪೋರ್ಟ್ ಎಳೆಯುವುದು ಅದೇ ಹೊತ್ತಿಗೆ. ಪೂಲ್ ಅಂದರೆ ಮೆಮೊರಿಯ ಒಂದು ಪಾಲು. ಆ ಜಾಬ್‌ಗಳು ಓಡುವುದು ಬೇಸ್ ಎಂಬ ಪೂಲ್‌ನಲ್ಲಿ, ಅದೂ 20ರ ಪ್ರಯಾರಿಟಿಯಲ್ಲಿ. ಕೌಂಟರಿನವರದ್ದೂ 20. ಬ್ಯಾಚ್ (ಹಿನ್ನೆಲೆಯಲ್ಲಿ ಓಡುವ ಕೆಲಸ) ಮಾತ್ರ 50.

ಮೊದಲು ನಾನು ಮಾಡಿದ್ದು ಪ್ರಯಾರಿಟಿ ಬದಲಾವಣೆ. ಒಡಿಬಿಸಿಯನ್ನು 20ರಿಂದ 40ಕ್ಕೆ ಇಳಿಸಿದೆ (ಅಂಕಿ ದೊಡ್ಡದಾದಷ್ಟೂ ಸರದಿ ಹಿಂದೆ). ಏನೂ ಆಗಲಿಲ್ಲ. ಆಗುವುದಾದರೂ ಹೇಗೆ? ಪ್ರಯಾರಿಟಿ ತೀರ್ಮಾನಿಸುವುದು ಸಿಪಿಯು ಯಾರಿಗೆ ಮೊದಲು ಅಂತ. ನಮ್ಮ ಸಿಪಿಯು ಅರ್ಧ ಖಾಲಿಯೇ ಇತ್ತು. ಕೊರತೆ ಇದ್ದದ್ದು ಮೆಮೊರಿಗೆ. ಸಿಸ್ಟಮ್ ಸ್ಟೇಟಸ್ ಪರದೆಯಲ್ಲಿ ಇಂಟರ್‌ಆಕ್ಟ್ ಪೂಲ್‌ನ (ಕೌಂಟರಿನವರ ಪಾಲು) ಗಾತ್ರ ಕರಗುತ್ತಾ, ಅದರ ಫಾಲ್ಟ್ (ಮೆಮೊರಿಯಲ್ಲಿ ಇಲ್ಲದ್ದನ್ನು ಡಿಸ್ಕ್‌ನಿಂದ ತರಬೇಕಾದ ಸಂದರ್ಭ) ಏರುತ್ತಾ ಹೋಗುವುದು ಕಣ್ಣಿಗೇ ಕಾಣುತ್ತಿತ್ತು.

ಕರಗಿಸುತ್ತಿದ್ದದ್ದು ಕ್ಯೂಪಿಎಫ್‌ಆರ್‌ಎಡಿಜೆ (QPFRADJ) ಎಂಬ ಸಿಸ್ಟಮ್ ಸೆಟ್ಟಿಂಗ್. ಸಿಸ್ಟಮ್ ಬರುವಾಗಲೇ ಅದರ ಮೌಲ್ಯ 2, ಅಂದರೆ ಐಪಿಎಲ್ (ಸಿಸ್ಟಮ್ ಶುರುವಾಗುವ) ಸಮಯದಲ್ಲೂ ಆಮೇಲೂ ಸಿಸ್ಟಮ್ ತಾನೇ ಪೂಲ್ ಹೊಂದಿಸುತ್ತದೆ. ರಾತ್ರಿಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಯಾರೂ ಸೈನ್ ಆನ್ ಆಗಿಲ್ಲದಾಗ ಮೆಮೊರಿಯೆಲ್ಲ ಬ್ಯಾಚ್‌ಗೆ. ಆದರೆ ಅದು ಫಾಲ್ಟ್ ಕಂಡ ಮೇಲೆ ಓಡುವ ವ್ಯವಸ್ಥೆ. ಒಡಿಬಿಸಿ ಬೇಸ್‌ನಲ್ಲಿ ಗಲಾಟೆ ಎಬ್ಬಿಸಿದರೆ ಕೌಂಟರಿನವರ ಪಾಲನ್ನೂ ಅತ್ತ ಕೊಟ್ಟುಬಿಡುತ್ತದೆ.

ಹಾಗಾಗಿ ಅದನ್ನು 0 ಮಾಡಿ, ಅಂದರೆ ಸಿಸ್ಟಮ್ ಕೈಹಾಕದಂತೆ ಮಾಡಿ, ನಾನೇ ಹಂಚಿದೆ. ಹಗಲು ಬೆಣ್ಣೆಯಂತೆ ಹೋಯಿತು. ರಾತ್ರಿ ಮಾತ್ರ ಇಂಟರ್‌ಆಕ್ಟ್ ಪೂಲ್ ಸುಮ್ನೆ ಮಲಗಿತ್ತು, ಪಕ್ಕದಲ್ಲೇ ಬ್ಯಾಚ್ ತೆವಳುತ್ತಿತ್ತು. ಹಗಲಿಗೊಂದು ರಾತ್ರಿಗೊಂದು ಗಾತ್ರ ಇಡುವ ಸಿಎಲ್ (ಐಬಿಎಂ ಐನ ಕಮಾಂಡ್ ಭಾಷೆ) ಪ್ರೋಗ್ರಾಂ ಬರೆದು ಶೆಡ್ಯೂಲ್ ಮಾಡಿದೆ. ತಿಂಗಳ ಕೊನೆಯಲ್ಲಿ ಜನ ರಾತ್ರಿ ಹತ್ತರವರೆಗೂ ಬಿಲ್ ಹಾಕುತ್ತಾ ಕೂತರು, ಗಡಿಯಾರ ಮಾತ್ರ ತನ್ನ ಪಾಡಿಗೆ ಮೆಮೊರಿ ಕಿತ್ತುಕೊಂಡಿತು. ಅಲ್ಲಿಗೆ ಅದನ್ನು ಬಿಟ್ಟೆ.

ಈಗಿರುವುದು ಮೂರನೆಯದು. ಮತ್ತೆ 2ಕ್ಕೆ ಬಂದೆ, ಆದರೆ ಬೇಲಿ ಹಾಕಿ. ಶೇರ್ಡ್ ಪೂಲ್ (ಹಲವು ಸಬ್‌ಸಿಸ್ಟಮ್‌ಗಳು ಹಂಚಿಕೊಳ್ಳಬಹುದಾದ ಪೂಲ್) ಪರದೆಯಲ್ಲಿ ಎಫ್11 ಒತ್ತಿದರೆ ಪ್ರತಿ ಪೂಲ್‌ಗೂ ಕನಿಷ್ಠ, ಗರಿಷ್ಠ ಶೇಕಡಾ ಸಿಗುತ್ತದೆ. ಇಂಟರ್‌ಆಕ್ಟ್‌ಗೆ ಕನಿಷ್ಠ 25 ಕೊಟ್ಟೆ. ಒಡಿಬಿಸಿಗೆ ಬೇರೆಯದೇ ಶೇರ್ಡ್ ಪೂಲ್, ಗರಿಷ್ಠ 20. ಪೂಲ್ ಮಾಡಿದರಷ್ಟೇ ಸಾಲದು. ಒಡಿಬಿಸಿ ಜಾಬ್‌ಗಳು ಓಡುವ ಸಬ್‌ಸಿಸ್ಟಮ್‌ಗೆ (ಜಾಬ್‌ಗಳನ್ನು ಓಡಿಸುವ ವಿಭಾಗ) ಅದನ್ನು ಸೇರಿಸಬೇಕು, ಪ್ರೀಸ್ಟಾರ್ಟ್ ಎಂಟ್ರಿಯಲ್ಲೂ (ಆ ಜಾಬ್‌ಗಳನ್ನು ಮುಂಚೆಯೇ ಎಬ್ಬಿಸಿಡುವ ನಮೂದು) ಪೂಲ್ ಸಂಖ್ಯೆ ಬದಲಿಸಬೇಕು. ನಾನು ಇದನ್ನೇ ಮರೆತು ಎರಡು ದಿನ ಖಾಲಿ ಪೂಲ್ ನೋಡುತ್ತಾ ತಲೆ ಕೆಡಿಸಿಕೊಂಡಿದ್ದೆ. ಇನ್ನೊಂದು: ಇದು ಶೇರ್ಡ್ ಪೂಲೇ ಆಗಿರಬೇಕು. ಒಂದೇ ಸಬ್‌ಸಿಸ್ಟಮ್‌ಗೆ ಮೀಸಲಾದ ಪ್ರೈವೇಟ್ ಪೂಲ್ ಅನ್ನು ಸಿಸ್ಟಮ್ ಮುಟ್ಟುವುದೇ ಇಲ್ಲ.

ಈಗ ಎಕ್ಸ್ ಗುರುತು ಮಿಂಚಿ ಮಾಯವಾಗುತ್ತದೆ. ಅಕೌಂಟ್ಸ್‌ನವರ ರಿಪೋರ್ಟ್ ಮೊದಲಿಗಿಂತ ತಡ, ಅವರು ಬೇಜಾರಾಗಿದ್ದಾರೆ. ಲಾರಿ ಮೊದಲು ಹೋಗಲಿ ಅಂತ ಅವರಿಗೆ ನೇರವಾಗಿ ಹೇಳಿದ್ದೇನೆ. ನಿಮ್ಮಲ್ಲಿ ಒಡಿಬಿಸಿ ಓಡಾಟವೇ ಇಲ್ಲ ಅಂದರೆ ಬೇಲಿಯೂ ಬೇಡ, 2ರಲ್ಲೇ ಬಿಡಿ.