ಫೆಲ್ಟ್ ಹಾಸು, ಸಿಂಬೆ, ತೋರಣ: ಮಲೆನಾಡಿನ ಮನೆಯಲ್ಲಿ ದೀರ್ಘಕಾಲದ ಬಳಕೆ

ಕೈಯಿಂದ ತಯಾರಿಸಿದ ಫೆಲ್ಟ್‌ನ (ನೇಯದೆ, ಎಳೆಗಳನ್ನು ಒತ್ತಿ ಬೆಸೆದ ದಪ್ಪ ಬಟ್ಟೆಯ) ಮೂರು ವಸ್ತುಗಳು ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಹಲವು ಮಳೆಗಾಲಗಳನ್ನು ಕಂಡಿವೆ: ನಡುಮನೆಗೆ ಕಾಶ್ಮೀರದ ನಮ್ದಾ ಹಾಸು, ಊಟದ ಮೇಜಿಗೆ ನೇಪಾಳದ ಉಣ್ಣೆಯುಂಡೆಗಳ ಸಿಂಬೆ, ಬಾಗಿಲಿಗೆ ಹೂವಿನ ತೋರಣ. ಸಿಂಬೆಯನ್ನು ಯಾರು ಬೇಕಾದರೂ ಕೊಳ್ಳಬಹುದು. ನಮ್ದಾ ಮಾತ್ರ ಅದರ ಆರೈಕೆಗೆ ಪುರುಸೊತ್ತಿರುವವರಿಗೆ.

ನಮ್ದಾ ನೇಯ್ದ ವಸ್ತುವಲ್ಲ. ಚಳ್ಳಕೆರೆಯ ಕಂಬಳಿಯಲ್ಲಿ ಉಣ್ಣೆಯು ನೂಲಾಗಿ, ಮಗ್ಗವೇರಿ, ಹುಣಸೆಬೀಜದ ಗಂಜಿಯಿಂದ ಬಿಗಿಗೊಂಡರೆ, ಇಲ್ಲಿ ಹಿಂಜಿದ ಉಣ್ಣೆಯನ್ನು ಚಾಪೆಯ ಮೇಲೆ ಪದರಪದರವಾಗಿ ಹರಡಿ, ಸಾಬೂನು ನೀರು ಚಿಮುಕಿಸಿ, ಸುರುಳಿ ಸುತ್ತಿ ಒತ್ತಿ ಉರುಳಿಸುತ್ತಾರೆ. ಎಳೆಗಳ ಮೈಮೇಲಿನ ಸೂಕ್ಷ್ಮ ಹುರುಪೆಗಳು ಪರಸ್ಪರ ಸಿಕ್ಕಿಕೊಂಡು ಬಿಡಿಸಲಾಗದಂತೆ ಬೆಸೆದುಕೊಳ್ಳುತ್ತವೆ. ಅದರ ಮೇಲೆ ಆರಿ ಎಂಬ ಕೊಕ್ಕೆಸೂಜಿಯಿಂದ ಸರಪಳಿ ಹೊಲಿಗೆಯ ಹೂಬಳ್ಳಿ ಮೂಡುತ್ತದೆ. ಈ ಹೊಲಿಗೆ ಬರೀ ಚೆಂದಕ್ಕಲ್ಲ ಎಂಬುದು ಬಳಸುತ್ತ ಹೋದಂತೆ ತಿಳಿಯಿತು: ಬಳ್ಳಿ ದಟ್ಟವಾಗಿರುವ ನಡುಭಾಗ ಇಂದಿಗೂ ಬಿಗಿಯಾಗಿದೆ, ಹೊಲಿಗೆಯಿಲ್ಲದ ಬಾಗಿಲ ಕಡೆಯ ಅಂಚು ಮಾತ್ರ ಸವೆದು ಎಳೆ ಬಿಡುತ್ತಿದೆ. ಆದ್ದರಿಂದ ಕೊಳ್ಳುವವರು ಬಣ್ಣಕ್ಕಿಂತ ಮೊದಲು ಹೊಲಿಗೆಯ ದಟ್ಟಣೆಯನ್ನು ನೋಡಬೇಕು. ಅಗ್ಗದ ನಮ್ದಾಗಳಲ್ಲಿ ಹತ್ತಿ ಬೆರೆತಿರುತ್ತದೆ. ಹತ್ತಿಗೆ ಉಣ್ಣೆಯಂತೆ ಬೆಸೆದುಕೊಳ್ಳುವ ಗುಣವಿಲ್ಲದ ಕಾರಣ ಅಂಥವು ಬೇಗ ಸಡಿಲವಾಗುತ್ತವೆ.

ಕೆಂಪು ಗಾರೆ ನೆಲದ ತಂಡಿ ಅಂಗಾಲಿಗೆ ತಾಗದಂತೆ ತಡೆಯುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಉಣ್ಣೆಯು ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು, ಮುಟ್ಟಿದವರಿಗೆ ಒದ್ದೆಯೆನಿಸದಂತೆ, ಹೀರಿಕೊಳ್ಳಬಲ್ಲದು. ನಮ್ಮ ಆಷಾಢದಲ್ಲಿ ಒಣಗಿದಂತೆ ತೋರುವ ಹಾಸನ್ನು ನಂಬುವಂತಿಲ್ಲ. ಹುಳುವಿನ ಕಾಟ ಇನ್ನೊಂದು. ಉಣ್ಣೆ ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳು; ಅದಕ್ಕೆ ಕತ್ತಲೆಯೂ ಯಾರೂ ಅಲುಗಾಡಿಸದ ಜಾಗವೂ ಬೇಕು. ನಡೆದಾಡುವ ಭಾಗವನ್ನು ಬಿಟ್ಟು, ದಿವಾನದ ಅಡಿಗೆ ಸೇರಿದ ಮೂಲೆಯಲ್ಲಿಯೇ ಸಾಸಿವೆಗಾತ್ರದ ತೂತುಗಳು ಬಿದ್ದಿವೆ. ಬಿಸಿಲು ಬಂದ ದಿನ ಎರಡೂ ಮಗ್ಗುಲು ಒಣಗಿಸಿ ಬ್ರಷ್‌ನಿಂದ ಉಜ್ಜತೊಡಗಿದ ಮೇಲೆ ಅವು ಹೆಚ್ಚಿಲ್ಲ.

ಸಿಂಬೆಯ ವಿಷಯದಲ್ಲಿ ದೂರು ಕಡಿಮೆ. ಬಣ್ಣಬಣ್ಣದ ಉಂಡೆಗಳನ್ನು ದಾರದಿಂದ ಪೋಣಿಸಿ ಹೊಲಿದ ಈ ಚಕ್ರದ ಮೇಲೆ ಒಲೆಯಿಂದಿಳಿಸಿದ ಕುಕ್ಕರನ್ನು ನೇರವಾಗಿ ಇಡುತ್ತೇವೆ. ಉಣ್ಣೆ ಕರಗುವ ವಸ್ತುವಲ್ಲವಾದ್ದರಿಂದ ಸಿಂಬೆಯೂ ಕೆಟ್ಟಿಲ್ಲ, ಮೇಜಿಗೂ ಕಲೆಯಾಗಿಲ್ಲ. ಸಾರು ಚೆಲ್ಲಿದ ಕಡೆ ಅರಿಶಿನ ಮಾತ್ರ ಉಳಿದುಬಿಟ್ಟಿದೆ. ತಣ್ಣೀರಿನಲ್ಲಿ ಅದ್ದಿ ಹಿಂಡದೆ ಒಣಗಿಸಬೇಕೇ ಹೊರತು ವಾಷಿಂಗ್ ಮಷಿನ್‌ಗೆ ಹಾಕಬಾರದು, ಏಕೆಂದರೆ ಬಿಸಿನೀರು, ಸಾಬೂನು, ತಿಕ್ಕಾಟ ಸೇರಿದರೆ ಫೆಲ್ಟ್ ತಯಾರಿಸಿದ ಕ್ರಿಯೆಯೇ ಮುಂದುವರಿದು ಅದು ಕುಗ್ಗುತ್ತದೆ.

ತೋರಣವನ್ನು ಅಪ್ಪಟ ಉಣ್ಣೆಯದೆಂದು ಹೇಳಿ ಮಾರಿದ್ದರು. ಒಂದು ಎಳೆಯನ್ನು ಕಿತ್ತು ಸುಟ್ಟಾಗ ಕೂದಲು ಸುಟ್ಟ ವಾಸನೆ ಬರಲಿಲ್ಲ, ಬೆರಳಲ್ಲಿ ಪುಡಿಯಾಗುವ ಬೂದಿಯ ಬದಲು ಗಟ್ಟಿ ಮಣಿಯೊಂದು ಉಳಿಯಿತು: ಪಾಲಿಯೆಸ್ಟರ್! ಮಾರಿದವರು ಹಣ ಮರಳಿಸಲಿಲ್ಲ. ಹಾಗಿದ್ದರೂ ಅದಕ್ಕೆ ಹುಳು ಹತ್ತಿಲ್ಲ, ತೊಳೆದರೂ ಕುಗ್ಗಿಲ್ಲ. ಬಾಗಿಲಿಗೆ ಅಷ್ಟು ಸಾಕು. ದೀಪಾವಳಿಯಲ್ಲಿ ಹಣತೆ ಹಚ್ಚುವ ಮೊದಲು ಮಾತ್ರ ಅದನ್ನು ಬಿಚ್ಚಿ ಒಳಗಿಡುತ್ತೇವೆ.