ಬ್ಯಾಟ್ರಿ ಹೋಗೈತೆ ಅಂದಿದ್ರು, ಕೆಟ್ಟಿದ್ದು ಚಾರ್ಜರ್ರು: ಕೋಲಾರದ ಒಂದು ರಿಪೇರಿ ಅಂಗಡಿ

ಟಮಾಟ ತೋಟಕ್ಕೆ ಔಷ್ದಿ ಹೊಡಿಯೋ ಬ್ಯಾಟ್ರಿ ಮಿಷಿನ್ ಐತೆ ನಮ್ಮನೇಲಿ, 16 ಲೀಟರ್ದು, ಒಳಗೆ 12 ವೋಲ್ಟು 8 ಆಂಪಿಯರ್ ಅವರ್ ಬ್ಯಾಟ್ರಿ. ಒಂದ್ಸಲ ಚಾರ್ಜ್ ಮಾಡಿದ್ರೆ ಆರಾಮಾಗಿ 15 ಟ್ಯಾಂಕ್ ಹೊಡಿತಿತ್ತು, ಹೋದ ತಿಂಗ್ಳಿಂದ ಎರಡನೇ ಟ್ಯಾಂಕ್‌ಗೇ ಪಂಪು ಮುಲುಗಕ್ಕೆ ಶುರು ಮಾಡ್ತು. ಮೋಡ ಮುಚ್ಕೊಂಡು ಅಂಗಮಾರಿ ರೋಗ ಬರೋ ಟೈಮಲ್ಲಿ ಹಿಂಗಾದ್ರೆ ಹೊಟ್ಟೆ ಉರಿಯುತ್ತೆ.

ಮೊದ್ಲು ಹೋದ ಅಂಗಡೀಲಿ ಚಾರ್ಜರ್ ಪಿನ್ನಿಗೆ ಮೀಟರ್ ಇಟ್ಟು, 14.4 ವೋಲ್ಟ್ ಬರ್ತೈತೆ, ಚಾರ್ಜರ್ ಚೆನ್ನಾಗೈತೆ, ಬ್ಯಾಟ್ರಿ ಹೋಗೈತೆ ಹೊಸದು ಹಾಕ್ಸಿ ಅಂದ್ಬಿಟ್ರು. ಬ್ಯಾಟ್ರಿ ತಗೊಂಡು ಇನ್ನೂ ವರ್ಷ ತುಂಬಿಲ್ಲ. ಚಾರ್ಜಿಗಿಟ್ಟ ಹತ್ತೇ ನಿಮ್ಷಕ್ಕೆ ಹಸಿರು ಲೈಟ್ ಬೇರೆ ಬರ್ತಿತ್ತು, ನಾನೂ ಫುಲ್ ಆಗೈತೆ ಅಂತ್ಲೇ ಕಿತ್ಕೊಂಡು ಹೋಗ್ತಿದ್ದೆ.

ಆಮೇಲೆ ನಮ್ಮ ಭಾವ ಹೇಳಿದ್ರು ಅಂತ ಕ್ಲಾಕ್ ಟವರ್ ಹತ್ರ ಅಡ್ಡರಸ್ತೇಲಿರೋ ಚಿಕ್ಕ ಅಂಗಡಿಗೆ ಹೋದೆ. ಯಜಮಾನ್ರು ಮೊದ್ಲು ಮಾಡಿದ್ದು ನನ್ನ ಬ್ಯಾಟ್ರಿನ ಅವರ ಚಾರ್ಜರಿಗೆ ಹಾಕಿ ನೋಡಿದ್ದು, ಒಂದೂವರೆ ಆಂಪಿಯರ್ ಎಳ್ಕೊಳ್ತು. ನನ್ನ ಚಾರ್ಜರಿಗೆ ಹಾಕಿದ್ರೆ ಬರೀ 0.15. "ನೋಡಪ್ಪ, ಬ್ಯಾಟ್ರಿ ತಿನ್ನಕ್ಕೆ ರೆಡಿ ಐತೆ, ಇದು ಬಡಿಸ್ತಾ ಇಲ್ಲ" ಅಂದ್ರು. ಆಮೇಲೆ ಚಾರ್ಜರ್ ಪಿನ್ನಿಗೆ 10 ವ್ಯಾಟಿಂದು ಗಾಡಿ ಬಲ್ಬ್ ಒಂದು ಕೊಟ್ಟು ಮೀಟರ್ ಇಟ್ರು, 14.4 ತೋರಿಸ್ತಿದ್ದಿದ್ದು ಧಡಕ್ಕಂತ 6ಕ್ಕೆ ಇಳೀತು, ಬಲ್ಬು ಕೆಂಪಗೆ ಮಿಣಮಿಣ ಅಂತಿತ್ತು ಅಷ್ಟೆ. ಲೋಡ್ ಇಲ್ದೆ, ಅಂದ್ರೆ ಕರೆಂಟ್ ಎಳ್ಕೊಳ್ಳೋದು ಏನೂ ಕೊಡ್ದೆ ನೋಡಿದ ವೋಲ್ಟೇಜ್ ನಂಬಬಾರ್ದು ಅಂತ ಅವತ್ತು ಕಣ್ಣಾರೆ ಕಂಡೆ. ಹಸಿರು ಲೈಟ್ ಯಾಕೆ ಬರ್ತಿತ್ತು ಅಂತ ಕೇಳಿದ್ದಕ್ಕೆ, ಈ ಚಾರ್ಜರಲ್ಲಿ ಕರೆಂಟ್ ಕಮ್ಮಿ ಆದಾಗ ಹಸಿರು ಹತ್ತುತ್ತೆ, ಬ್ಯಾಟ್ರಿ ತುಂಬಿ ಕಮ್ಮಿ ಆಯ್ತೋ ಚಾರ್ಜರಿಗೇ ಕೈಲಾಗ್ದೆ ಕಮ್ಮಿ ಆಯ್ತೋ ಅದಕ್ಕೆ ಗೊತ್ತಾಗಲ್ಲ ಅಂದ್ರು.

ಚಾರ್ಜರ್ ಬಿಚ್ಚಿದ್ರೆ ಔಟ್‌ಪುಟ್ ಕಡೆ 1000 ಮೈಕ್ರೋಫ್ಯಾರಡ್ 25 ವೋಲ್ಟ್ ಕೆಪ್ಯಾಸಿಟರ್ (ವೋಲ್ಟೇಜ್ ಏರಿಳಿತ ಆಗ್ದಂಗೆ ಹಿಡಿಯೋ ಪಾರ್ಟು) ತಲೆ ಉಬ್ಬಿ ಕಂದು ಬಣ್ಣದ ಪುಡಿ ಕೂತಿತ್ತು. ಅದನ್ನ ಬದಲಾಯಿಸಿ ಮತ್ತೆ ಅದೇ ಬಲ್ಬ್ ಕೊಟ್ರು, 14.2ರಲ್ಲಿ ಗಟ್ಟಿಯಾಗಿ ನಿಲ್ತು. ಬೇಗ ಚಾರ್ಜ್ ಆಗ್ಲಿ ಅಂತ ವೋಲ್ಟೇಜ್ ಸ್ವಲ್ಪ ಜಾಸ್ತಿ ಮಾಡ್ಕೊಡಿ ಅಂದೆ, ಒಪ್ಪಲಿಲ್ಲ. ಬ್ಯಾಟ್ರಿ ಒಳಗೆ ಆರು ಸೆಲ್, ಒಂದಕ್ಕೆ 2.4 ವೋಲ್ಟಿನಂತೆ ಲೆಕ್ಕ ಹಾಕಿದ್ರೆ 14.4, ಅದು ಮೀರಿದ್ರೆ ಗ್ಯಾಸ್ ಆಗಿ ನೀರು ಹೋಗುತ್ತೆ, ಸೀಲ್ ಆಗಿರೋ ಬ್ಯಾಟ್ರಿಗೆ ನೀರು ಹಾಕಕ್ಕಾಗಲ್ಲ ಅಂದ್ರು. ಆ ಮಾತು ನಂಗೆ ಬಾಳ ಹಿಡಿಸ್ತು, ಗಿರಾಕಿ ಕೇಳ್ದ ಅಂತ ವೋಲ್ಟೇಜ್ ಏರಿಸಿ ಕೊಡೋರೇ ಜಾಸ್ತಿ.

ತಗೊಂಡಿದ್ದು 150 ರೂಪಾಯಿ. ಕೂರಕ್ಕೆ ಜಾಗ ಇಲ್ಲ, ಎರಡು ಗಂಟೆ ನಿಂತೇ ಇದ್ದೆ, ಬಿಲ್ಲೂ ಕೊಡಲ್ಲ. ಈಗ ಚಾರ್ಜ್ ಆಗಕ್ಕೆ ಆರು ಗಂಟೆ ತಗೊಳ್ತೈತೆ, ಮೊನ್ನೆ 14 ಟ್ಯಾಂಕ್ ಹೊಡೆದ್ವಿ. ಹೋಗೋರು ಚಾರ್ಜರ್ ಜೊತೆ ಬ್ಯಾಟ್ರಿನೂ ತಗೊಂಡೋಗಿ, ಬರೀ ಚಾರ್ಜರ್ ಕೊಟ್ರೆ ಅವ್ರು ಮುಟ್ಟಲ್ಲ.